ಉರಿಮುಖ ಯಾರ ಮುಂದೆ ಅತ್ತ?

ನೋಡಿ, ಇವತ್ತಿನ ಪ್ರವಚನದಲ್ಲಿ ಪಶ್ಚಾತ್ತಾಪದ ಮಾತು ಬಂತು, ಅದಕ್ಕೇ ಇದನ್ನು ಹೇಳುತ್ತೇನೆ. ಒಂದು ತಾಲೂಕು ಊರಿನಲ್ಲಿ ವಿರೂಪಾಕ್ಷಯ್ಯ ಎಂಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಒಳ್ಳೆಯ ಹೆಸರು, ಒಳ್ಳೆಯ ಮಾತುಗಾರಿಕೆ. ಒಂದು ಭಾನುವಾರ ಗ್ರಂಥಾಲಯದಲ್ಲಿ ಚರ್ಚೆ ಇಟ್ಟರು. ಯಾರ ಮೇಲೆ? ಮಕ್ಕಳೆಲ್ಲ ಮುಗಿಬಿದ್ದು ಓದುತ್ತಿದ್ದ ಕಾಮಿಕ್ಸ್ ಒಂದರ ಖಳನ ಮೇಲೆ. ಉರಿಮುಖ ಅಂತ ಅವನ ಹೆಸರು. ಹನ್ನೊಂದು ಸಂಚಿಕೆಗಳಲ್ಲಿ ಊರೂರು ಸುಟ್ಟವನು ಹನ್ನೆರಡನೆಯದರಲ್ಲಿ ಬೆಟ್ಟದ ತುದಿಯಲ್ಲಿ ಒಬ್ಬನೇ ಕುಳಿತು ಅಳುತ್ತಾನೆ, ಪಂಜನ್ನು ಪ್ರಪಾತಕ್ಕೆ ಎಸೆಯುತ್ತಾನೆ. ಅಲ್ಲಿಗೆ ಮುಗಿಯಿತು. ಅವನು ಒಳ್ಳೆಯವನಾದನೋ ಇಲ್ಲವೋ? ಇದೇ ಚರ್ಚೆ.

ಮಾಸ್ತರರು ಅವನ ಪರವಾಗಿ ನಿಂತರು. ಒದೆ ತಿಂದು ಬೆಳೆದವನು, ಅದಕ್ಕೇ ಹಾಗಾದ. ಈಗ ಮನಸ್ಸು ಕರಗಿದೆ, ಪಾತ್ರ ಬೆಳೆದಿದೆ, ಇನ್ನೇನು ಬೇಕು ಎಂದರು. ಸ್ವಂತ ಮಗನ ಪರ ವಾದಿಸುವಂತೆ ವಾದಿಸಿದರು. ಯಾಕೆ? ತಾವೂ ಹಾಗೇ ಬದಲಾದವರು ಎಂದು ಅವರಿಗೆ ಒಳಗೊಳಗೇ ನಂಬಿಕೆ. ಒಂದು ಕಾಲಕ್ಕೆ ಮಹಾ ಸಿಟ್ಟಿನವರು. ಒಮ್ಮೆ ಒಂದು ತಪ್ಪು ಮಾಡಿದರು, ಆಮೇಲೆ ಯಾವ ಮಗುವನ್ನೂ ಗದರಿಸಲಿಲ್ಲ.

ಆಗ ಹಿಂದಿನ ಸಾಲಿನಿಂದ ಮಹಾನಂದಾ ಎದ್ದಳು. ಬಟ್ಟೆ ಹೊಲಿಯುವವಳು, ಮಗಳ ಜೊತೆ ಬಂದಿದ್ದಳು.

“ಸರ, ಅಂವ ಸುಟ್ಟ ಮನಿಯೊಳಗ ಮಂದಿ ಇದ್ರಲ್ರಿ? ಅವರ ಮುಂದ ಹೋಗಿ ಅತ್ತನೇನ್ರಿ?”

ಒಳಗಿನ ಬದಲಾವಣೆಯೇ ಮುಖ್ಯ, ಮಿಕ್ಕದ್ದು ತೋರಿಕೆ ಎಂದು ಮಾಸ್ತರರು ನಕ್ಕರು.

“ನಾ ನಿಮ್ಮ ಸಾಲ್ಯಾಗ ಏಳನೇತ್ತಾ ಇದ್ದಾಗ ಕಾಪಿ ಹೊಡದೀನಂತ ನನ್ನ ಪೇಪರ್ ಹರದ್ರಿ. ಹೊಡದಾಕಿ ನಾ ಅಲ್ಲಂತ ಆಮ್ಯಾಲ ನಿಮಗ ಗೊತ್ತಾತು. ನಮ್ಮನಿ ಸಾಲಿ ಹಿಂದನ ಇತ್ರಿ. ನೀವು ಬರಲಿಲ್ಲ.”

ಮಾಸ್ತರರಿಗೆ ಮೊದಲು ಬಂದದ್ದೇನು ಗೊತ್ತೇ? ಸಿಟ್ಟು. ಇಷ್ಟು ಜನರ ಎದುರು ಹೀಗಂದಳಲ್ಲ ಎಂದು! ನಲವತ್ತು ಮಕ್ಕಳ ಎದುರು ಪೇಪರ್ ಹರಿದವರಿಗೆ! ಆಮೇಲೆ ಸಿಟ್ಟು ಇಳಿಯಿತು. ತಪ್ಪಾಯಿತು ತಾಯಿ ಎಂದು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ನೋಡಿ, ಚಪ್ಪಾಳೆ!

ಮಹಾನಂದಾ ಕೂರಲಿಲ್ಲ. “ಇಲ್ಲಿ ಬ್ಯಾಡ್ರಿ. ಇಲ್ಲಿ ಕೈ ಮುಗದ್ರ ನಿಮಗ ಚಪ್ಪಾಳಿ ಬೀಳತಾವ. ನಿಮ್ಮ ಮಾತು ನಂಬಿ ನಮ್ಮವ್ವ ನನ್ನ ಬಡದು ಸಾಲಿ ಬಿಡಿಸಿದ್ಲು. ನಾ ಸುಳ್ಳಿ ಅಂತನ ಅಕಿ ಇನ್ನೂ ತಿಳಕೊಂಡಾಳ. ಮನಿಗೆ ಬಂದು ಅಕಿ ಮುಂದ ಹೇಳ್ರಿ.”

ಮರುದಿನ ಮಾಸ್ತರರು ಹೋದರು. ನಾಲ್ಕು ಹೆಜ್ಜೆಯ ದಾರಿ, ಎರಡು ಸಲ ಹಿಂದಕ್ಕೆ ತಿರುಗಿದರು. ಹೊಸ್ತಿಲ ಹೊರಗೆ ನಿಂತು ಮಹಾನಂದಾಳ ತಾಯಿ, ಮುದುಕಿ ಕಸ್ತೂರೆವ್ವನಿಗೆ ಎಲ್ಲವನ್ನೂ ಹೇಳಿದರು. ಮುದುಕಿ ಪೂರ್ತಿ ಕೇಳಿದಳು. ಎದ್ದು, ಹೊಲಿಗೆ ಯಂತ್ರದ ಮುಂದಿದ್ದ ಮಗಳ ಹತ್ತಿರ ಹೋಗಿ, ಅಂದು ಹೊಡೆದಿದ್ದ ತೋಳನ್ನು ಸವರತೊಡಗಿದಳು. ಸವರುತ್ತಲೇ ಇದ್ದಳು. ಮಾಸ್ತರರಿಗೆ ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಉರಿಮುಖನ ಪಶ್ಚಾತ್ತಾಪ ಬೆಟ್ಟದ ತುದಿಯಲ್ಲಲ್ಲ, ಅವನು ಸುಟ್ಟ ಮನೆಗಳ ಬಾಗಿಲಲ್ಲಿ ಶುರುವಾಗಬೇಕಿತ್ತು ಎಂಬುದು ಆಗ ಅವರಿಗೆ ತಿಳಿಯಿತು.

ಈಗ ನಿಮ್ಮ ಮಾತು. ಮನೆಗೆಲಸದವಳು ಉಂಗುರ ಕದ್ದಳೆಂದು ಬೀದಿಗೆಲ್ಲ ಸಾರಿ ಓಡಿಸುತ್ತೀರಿ. ಉಂಗುರ ದಿಂಬಿನ ಕೆಳಗೆ ಸಿಕ್ಕರೆ ಸುಮ್ಮನೆ ಬೆರಳಿಗೆ ಹಾಕಿಕೊಳ್ಳುತ್ತೀರಿ. ಸೊಸೆಯ ಮೇಲೆ ಇಲ್ಲದ್ದು ಹೊರಿಸಿ, ಆಮೇಲೆ ಇಲ್ಲಿ ಬಂದು ಕಣ್ಣು ಒರೆಸಿಕೊಳ್ಳುತ್ತೀರಿ. ದೇವರ ಮುಂದೆ ಅತ್ತೆವು, ಹಗುರಾಯಿತು ಅನ್ನುತ್ತೀರಿ. ಹಗುರಾದದ್ದು ಯಾರಿಗೆ? ನೀವು ಸುಳ್ಳು ಹೊರಿಸಿದ್ದು ದೇವರ ಮೇಲೇನು?

ಇವತ್ತು ಇಲ್ಲಿಂದ ಎದ್ದವರು ನೇರ ಮನೆಗೆ ಹೋಗಬೇಡಿ. ನೀವು ಸುಳ್ಳು ಹೊರಿಸಿದವರ ಬಾಗಿಲಿಗೆ ಹೋಗಿ. ಸುಳ್ಳನ್ನು ಯಾರ್ಯಾರ ಕಿವಿಗೆ ಹಾಕಿದ್ದಿರೋ ಅದೇ ಕಿವಿಗೆ, ಅಷ್ಟೇ ಗಟ್ಟಿಯಾಗಿ, ನಿಜವನ್ನೂ ಹಾಕಿ. ಕ್ಷಮೆ ಸಿಗುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಹೋಗುವುದು ಮಾತ್ರ ನಿಮಗೆ ಬಿಟ್ಟದ್ದಲ್ಲ. ಹೋಗಲೇಬೇಕು.