ಹಸಿರು ರೇಷ್ಮೆ

ಅತಿಥಿಗಳ ರೈಲು ಹೊರಟ ಮೇಲೆ ಬಂಗಲೆಯ ಅಕ್ಕತಂಗಿಯರು ಸಾರೋಟಿಗಾಗಿ ಕಾಯುತ್ತ ಇಂಗ್ಲೆಂಡಿನ ಡೆವನ್‌ನ ಆ ಪುಟ್ಟ ನಿಲ್ದಾಣದ ಬೆಂಕಿಯ ಪಕ್ಕ ಕುಳಿತರು. ಮೂಲೆಯಲ್ಲಿ ಮೊಟ್ಟೆಬುಟ್ಟಿ ಹಿಡಿದಿದ್ದ ಹಳ್ಳಿಯ ಹೆಂಗಸು ಕೆಜಿಯಾ ಅವರ ಕಣ್ಣಿಗೇ ಬೀಳಲಿಲ್ಲ.

"ಹೋದ ತಕ್ಷಣ ಪರದೆ ಎಲ್ಲಾ ಎಳೆಸಿಬಿಡು, ಲೆಟಿಸ್. ಸೂತಕದ ಕಪ್ಪು ಬಟ್ಟೆ ಹೊರಗೆ ತೆಗೆಸು."

"ಅಣ್ಣ ಮಾಲ್ಟಾದಲ್ಲಿ ತೀರಿಕೊಂಡ ಅಂತ ತಂತಿ ಬಂದ ಮೇಲೂ ವಾರವೆಲ್ಲ ಹಸಿರು ರೇಷ್ಮೆ ಉಟ್ಟು ಕುಣಿದ್ವಲ್ಲಕ್ಕಾ."

"ಹೇಳಿದ್ರೆ ಬಂದೋರೆಲ್ಲಾ ಅವತ್ತೇ ಹೊರಡ್ತಿದ್ರು. ಸಾವಿನ ಮನೇಲಿ ಥರಲ್ಡ್ ನಿನ್ನ ಹತ್ರ ಮದುವೆ ಮಾತು ಎತ್ತುತ್ತಿದ್ರಾ?"

"ಈಗ ಎತ್ತಿದ್ರಾ? ಕುಣಿಯೋಕೆ ಕರೆದ್ರೂ ಕಾಲು ನೋವು ಅಂದ್ರು."

"ಸಂಕೋಚದ ಮನುಷ್ಯ."

"ರೈಲು ಹತ್ತೋವಾಗ ಹೇಳಿದ್ರು, ಬಂದ ದಿನವೇ ಪತ್ರಿಕೇಲಿ ಅಣ್ಣನ ಸುದ್ದಿ ಓದಿದ್ರಂತೆ. ನಾವೇ ಹೇಳ್ತೀವಿ ಅಂತ ಕಾದ್ರಂತೆ."

ಅಕ್ಕ ತಂಗಿಯ ಕಡೆ ತಿರುಗಿದಳು.

"ನಾನು ಪಿಯಾನೋ ನುಡಿಸ್ತಿದ್ದಾಗಲೂ ಗೊತ್ತಿತ್ತಾ?"

"ಇನ್ನೊಂದು ನುಡಿಸ್ತೀನಿ ಅಂತ ನೀನು ಕೂತಾಗಲೂ."

ಹೊರಗೆ ಸಾರೋಟು ಬಂದು ನಿಂತಿತು. ಇಬ್ಬರೂ ಎದ್ದರು. ಬಾಗಿಲ ಹತ್ತಿರ ಅಕ್ಕನ ರೇಷ್ಮೆಯಂಚು ಕೆಜಿಯಾಳ ಬುಟ್ಟಿಯನ್ನು ಸವರಿತು.

"ತಪ್ಪಾಯ್ತಮ್ಮ," ಎಂದಳು ಅಕ್ಕ. ಮತ್ತೆ ತಿರುಗಿ, "ತಪ್ಪಾಯ್ತು," ಎಂದಳು.

ಒಂದು ಮೊಟ್ಟೆಯೂ ಒಡೆದಿರಲಿಲ್ಲ.