ಮೋಡಕ್ಕೆ ಹಾಕುವ ಮದ್ದು

ಮಳೆ ಕೈಕೊಟ್ಟಿದ್ದ ಆ ಆಗಸ್ಟಿನಲ್ಲಿ, ಡೊಂಬಿವಲಿಯ ಲೇಡಿ ಡಾಕ್ಟರರ ಕ್ಲಿನಿಕ್ಕಿನಲ್ಲಿ ಉಡುಪಿ ಕಡೆಯ ಅತ್ತೆ, ಸೊಸೆ ನನ್ನ ಪಕ್ಕ ಕುಳಿತಿದ್ದರು. ಟಿವಿಯಲ್ಲಿ ಮೋಡ ಬಿತ್ತನೆಗೆ ಹೊರಟ ವಿಮಾನ ತೋರಿಸುತ್ತಿದ್ದರು.

“ಮೋಡಕ್ಕೂ ಮದ್ದು ಹಾಕ್ತಾರಂತೆ! ಮಳೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ. ಅದರ ಸುತ್ತು ಅದಕ್ಕುಂಟು. ಮನುಷ್ಯ ಕೈ ಹಾಕ್ಬಾರ್ದು,” ಎಂದರು ಅತ್ತೆ.

“ಮತ್ತೆ ನನ್ನ ಮುಟ್ಟು ಮುಂದೆ ಹಾಕ್ಲಿಕ್ಕೆ ಮಾತ್ರೆ ಯಾಕೆ ಮಾಮಿ?”

“ಮೆಲ್ಲ ಮಾತಾಡು ಮಾರಾಯ್ತಿ! ಚೌತಿ ಬಂತಲ್ಲ?”

“ಮೈದುನನ ಮದುವೆಗೂ ನುಂಗಿದೆ. ಆಮೇಲೆ ರಕ್ತ ನಿಲ್ಲಲೇ ಇಲ್ಲ. ಠಾಣೆ ಸ್ಟೇಷನ್ನಿನಲ್ಲಿ ತಲೆ ತಿರುಗಿ ಬಿದ್ದೆ.”

“ಬಿದ್ದದ್ದಾ? ನನಗೆ ಹೇಳಲೇ ಇಲ್ಲ!”

“ಹೇಳಿದ್ರೆ ಎಂತ ಮಾಡ್ತಿದ್ರಿ? ನಿಮ್ಮ ಕಾಲದಲ್ಲಿ ಮಾತ್ರೆ ಇರ್ಲಿಲ್ಲ. ಚೌತಿ ನಿಂತಿತ್ತಾ?”

“ನಿಲ್ಲುವುದೆಂತ? ನಾನು ಹೊರಗೆ ಕೂತಿದ್ದಾಗ ನಿನ್ನ ಮಾವನೇ ಕಡುಬು ಬೇಯಿಸಿದ್ರು. ಕಲ್ಲಿನ ಹಾಗೆ!”

“ದೇವರು ಬೇಡ ಅಂದನಾ?”

ಅತ್ತೆಗೆ ನಗು ಬಂತು. ಅದನ್ನು ಸೆರಗಿನಲ್ಲಿ ಒರೆಸಿಕೊಂಡರು.

“ಪ್ರಣೀತಾ ಹೆಗ್ಡೆ!” ಒಳಗಿನಿಂದ ಕರೆದರು. ಅತ್ತೆಯೂ ಎದ್ದರು.

“ನೀವು ಕೂತ್ಕೊಳ್ಳಿ. ನಾನೊಬ್ಬಳೇ ಹೋಗ್ತೇನೆ.”

“ಮಾತ್ರೆ ಬರೆಸ್ಕೊ... ಅಲ್ಲ, ಮೊದಲು ರಕ್ತದ್ದು ಕೇಳು. ಬಿದ್ದದ್ದೂ ಹೇಳು!”

ಸೊಸೆ ಆಗಲೇ ಬಾಗಿಲು ಹಾಕಿಕೊಂಡಿದ್ದಳು.