ತುಂಗವ್ವನ ಹೆಪ್ಪು

ಕೇಳಿ. ಕೇಳುವವರ ಒಲೆ ಆರದಿರಲಿ, ಹೇಳುವವನ ಗಂಟಲು ಒಣಗದಿರಲಿ. ಒಂದು ಹೊಳೆಯಿತ್ತು. ಹೊಳೆಯ ಹೆಸರು ಕೇಳಬೇಡಿ, ಹರಿಯುವ ಗಡಿಬಿಡಿಯಲ್ಲಿ ಅದು ನನಗೆ ಹೇಳಲಿಲ್ಲ. ಈಚೆ ದಡದಲ್ಲೊಂದು ಊರು, ಆ ಊರಿನಲ್ಲೊಬ್ಬ ಅಂಬಿಗ. ಅವನು ಜಟ್ಟೆಪ್ಪ. ಅವನ ಹೆಂಡತಿ ತುಂಗವ್ವ.

ಜಟ್ಟೆಪ್ಪನ ದಿನ ಹೇಗಿತ್ತು ಅಂತೀರಿ? ಬೆಳಗಾದರೆ ಹರಿಗೋಲು ನೀರಿಗೆ. ಆಚೆ ಹೋಗುವವರನ್ನು ಆಚೆಗೆ, ಈಚೆ ಬರುವವರನ್ನು ಈಚೆಗೆ. ಸೂರ್ಯ ನೆತ್ತಿಗೆ ಬಂದರೆ ಹೊಂಗೆ ಮರದ ಕೆಳಗೆ ಬುತ್ತಿ. ತುಂಗವ್ವ ಬುಟ್ಟಿ ಹೊತ್ತು ಬರುವಳು. ಇವನು ಕಾಲು ತೊಳೆದು ಕೂತು ಕೇಳುವನು, "ಇವತ್ತೇನು?"

ಅವಳು ಅನ್ನುವಳು, "ಅದೇ."

ಅದೇ ಅಂದರೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಒಂದು ಬೋಗುಣಿ ಗಟ್ಟಿ ಮೊಸರು. ರೊಟ್ಟಿ ಮುರಿಯುವ ಸದ್ದಿಗೆ ಮರದ ಮೇಲಿನ ಅಳಿಲು ಇಳಿದು ಬರುತ್ತಿತ್ತು. ಇಷ್ಟೇ. ಇಪ್ಪತ್ತು ವರ್ಷ ಇಷ್ಟೇ.

ಆ ಮೊಸರಿನ ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಥೆ ಒಡೆದುಹೋಗುತ್ತದೆ. ಆ ಸೀಮೆಯಲ್ಲಿ ಹೆಣ್ಣು ಗಂಡನ ಮನೆಗೆ ಹೊರಟಾಗ ತಾಯಿ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆ ಒಂದು ಪುಟ್ಟ ಕುಡಿಕೆ ಹಾಕುತ್ತಿದ್ದಳು. ಕುಡಿಕೆಯೊಳಗೆ ತವರಿನ ಹೆಪ್ಪು. ಆ ಹೆಪ್ಪಿನಿಂದ ಹೊಸ ಮನೆಯ ಮೊದಲ ಹಾಲು ಮೊಸರಾಗಬೇಕು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ನಾಳೆಗೆ, ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ. ಗಡಿಗೆ ಪೂರ್ತಿ ಬರಿದಾಗಬಾರದು. ಇನ್ನೊಂದು ಕಟ್ಟೂ ಇತ್ತು. ಹಗಲು ಯಾರು ಹೆಪ್ಪು ಕೇಳಿದರೂ ಇಲ್ಲ ಅನ್ನಬಾರದು. ದೀಪ ಹಚ್ಚಿದ ಮೇಲೆ ಮಾತ್ರ ಯಾರು ಕೇಳಿದರೂ ಕೊಡಬಾರದು. ದೀಪ ಹತ್ತಿದ ಮನೆಯ ಹೊಸ್ತಿಲನ್ನು ಹೆಪ್ಪು ದಾಟುವುದಿಲ್ಲ, ಒಳಗಿಂದ ಹೊರಗೂ ಇಲ್ಲ, ಹೊರಗಿಂದ ಒಳಗೂ ಇಲ್ಲ. ನೆನಪಿಟ್ಟುಕೊಳ್ಳಿ.

ನಾನೂ ಕಾಲೇಜು ಮೆಟ್ಟಿಲು ಹತ್ತಿದವನೇ. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದೆ ಅಂತ ಅಲ್ಲಿ ಹೇಳಿಕೊಟ್ಟರು. ತುಂಗವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ಏನಾಯಿತು? ದೇಶ ಸುತ್ತಿದ ಬಳೆ ಸೆಟ್ಟಿಯೊಬ್ಬ ಹರಿಗೋಲು ಹತ್ತಿದ. ಹರಿಗೋಲು ದುಂಡಗೆ ತಿರುಗಿದ ಹಾಗೆ ಅವನ ನಾಲಿಗೆಯೂ ತಿರುಗಿತು. ತಮ್ಮ ಪಟ್ಟಣದಲ್ಲಿ ಒಂದು ದಿನ ಉಂಡದ್ದನ್ನು ಆ ತಿಂಗಳಲ್ಲಿ ಮತ್ತೆ ಉಣ್ಣುವುದಿಲ್ಲವಂತೆ. ಸೋಮವಾರ ಒಂದು ಬಗೆ, ಮಂಗಳವಾರ ಇನ್ನೊಂದು. ನಿನ್ನ ಬುತ್ತಿಯಲ್ಲೇನು ಅಂತ ಕೇಳಿದ. ಜಟ್ಟೆಪ್ಪ ಹೇಳಿದ. ನಿನ್ನೆ? ಅದೇ. ಮೊನ್ನೆ? ಅದೇ. ಸೆಟ್ಟಿ ನಕ್ಕ. "ಮಾರಾಯ, ಎತ್ತಿಗೆ ಸಹ ಒಂದಿನ ಹಸಿ ಹುಲ್ಲು, ಒಂದಿನ ಒಣ ಹುಲ್ಲು ಹಾಕತಾರ."

ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಅಂದರೇ? ಸೆಟ್ಟಿ ದಡ ಹತ್ತಿ ಹೋದ. ಮಾತು ಮಾತ್ರ ಹರಿಗೋಲಿನಲ್ಲೇ ಉಳಿಯಿತು.

ಮೊದಲನೆಯ ದಿನ ಜಟ್ಟೆಪ್ಪ ಒಂದು ರೊಟ್ಟಿ ಉಳಿಸಿದ. ಎರಡನೆಯ ದಿನ ಮೊಸರು ಮುಟ್ಟಲಿಲ್ಲ. ಮೂರನೆಯ ದಿನ ಬುತ್ತಿಯನ್ನೇ ಬಿಚ್ಚಲಿಲ್ಲ. ಸಂಜೆ ಹಸಿದುಕೊಂಡು ಮನೆಗೆ ಬಂದ. ಹಸಿದವನ ಸಿಟ್ಟು, ಒಣ ಹುಲ್ಲಿನ ಬೆಂಕಿ. ತುಂಗವ್ವ ಹಾಲು ಕಾಯಿಸಿ, ಬೆರಳು ತಾಳುವಷ್ಟು ಆರಿಸಿ, ಹೆಪ್ಪು ಹಾಕಲು ಮೊಸರಿನ ಗಡಿಗೆ ಪಕ್ಕಕ್ಕಿಟ್ಟುಕೊಂಡಿದ್ದಳು.

"ನಾಳೆ ಏನು?" ಅಂದ.

"ಅದೇ," ಅಂದಳು.

ಗಡಿಗೆ ಎತ್ತಿದ. ನಾಯಿ ನೀರು ಕುಡಿಯುವ ಕಲ್ಬಾನಿಗೆ ಸುರಿದ. ಸುರಿದರೆ ಸುರಿದ, ಗಡಿಗೆಗೆ ನೀರು ಹಾಕಿ ತೊಳೆದೂ ಬಿಟ್ಟ. "ಇನ್ನ ಅದೇ ಅನ್ನೂದಕ್ಕ ಅದೂ ಇಲ್ಲ," ಅಂದ.

ತುಂಗವ್ವ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಲಿನ ಮೇಲೆ ತಟ್ಟೆ ಮುಚ್ಚಿ ಎದ್ದು ಹೋದಳು.

ಮರುದಿನ ಬುತ್ತಿ ಬಂತು. ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ. ಬೋಗುಣಿ ಇಲ್ಲ, ಮಾತೂ ಇಲ್ಲ. ಅದರ ಮರುದಿನವೂ ಹಾಗೇ. ಮೂರನೆಯ ದಿನ ಜಟ್ಟೆಪ್ಪನಿಗೆ ರೊಟ್ಟಿ ಗಂಟಲಲ್ಲಿ ನಿಂತಿತು. ನೆರೆಮನೆಯಿಂದ ಒಂದು ಚಮಚ ಹೆಪ್ಪು ಇಸಕೊಂಡರಾಯಿತಲ್ಲ, ಅದಕ್ಕೇನು ಬರ ಬಂದಿದೆಯೇ ಅಂತ ಗೊಣಗಿದ. ಆಗ ತುಂಗವ್ವ ಬಾಯಿ ಬಿಟ್ಟಳು.

"ಬ್ಯಾರೆಯವರ ಹೆಪ್ಪಿಲೆ ಮೊಸರಾಗತೈತಿ. ನಮ್ಮವ್ವ ಆಗಂಗಿಲ್ಲ."

ಅವಳ ತಾಯಿ ತೀರಿ ಏಳು ವರ್ಷವಾಗಿತ್ತು. ತಾಯಿಯ ಒಂದು ಸೀರೆ ಇವಳ ಹತ್ತಿರ ಇರಲಿಲ್ಲ, ಒಂದು ಬಳೆ ಇರಲಿಲ್ಲ. ಇದ್ದದ್ದು ಆ ಗಡಿಗೆಯ ತಳದ ಒಂದು ಚಮಚ. ದಿನವೂ ಸಂಜೆ ಅವಳು ತಾಯಿಯ ಜೊತೆ ಒಂದು ಗಳಿಗೆ ಕೂರುತ್ತಿದ್ದಳು. ಇಪ್ಪತ್ತು ವರ್ಷ ಉಂಡವನಿಗೆ ಅದು ಅವತ್ತು ತಿಳಿಯಿತು.

ಜಟ್ಟೆಪ್ಪ ಏನು ಮಾಡಿದ? ಬುತ್ತಿ ಕಟ್ಟಿದ. ಮನೆಗೆ ಹೋಗಿ ಗೋಡೆಯ ಮಾಡದಲ್ಲಿ ಬೋರಲು ಬಿದ್ದಿದ್ದ ಆ ತವರಿನ ಪುಟ್ಟ ಕುಡಿಕೆ ಎತ್ತಿಕೊಂಡ. ಹೆಂಡತಿಗೆ ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಿಯಾನು?

ಮೊದಲು ನೆರೆಮನೆಯ ಕಲ್ಲವ್ವನ ಬಾಗಿಲಿಗೆ ಹೋದ. ತುಂಗವ್ವ ಕೊಟ್ಟ ಹೆಪ್ಪು ನಿಮ್ಮಲ್ಲಿ ಇದೆಯೇ ಅಂತ ಕೇಳಿದ. ಕಲ್ಲವ್ವ ಕೈ ಆಡಿಸಿದಳು. ಒಂದು ದಿನ ನಿಮ್ಮದು, ಒಂದು ದಿನ ಗೌಡರ ಮನೆಯದು, ಒಂದು ದಿನ ಗಾಣಿಗರದು, ಎಲ್ಲ ಕಲಸಿ ಹೋಗಿದೆ, ಯಾವುದು ಯಾರದು ಅಂತ ಹೇಳಲಿ ಅಂದಳು.

ಹೊಳೆ ದಾಟಿ ಹೆಂಡತಿಯ ತವರಿಗೆ ನಡೆದ. ಅಲ್ಲಿ ಅವಳ ಅಣ್ಣನ ಹೆಂಡತಿ ತೋರಿಸಿದ್ದು ಖಾಲಿ ಗೂಟ. ಅತ್ತೆ ತೀರಿದ ವರ್ಷವೇ ಎಮ್ಮೆಯೂ ಹೋಯಿತು, ಆಗ ಬೋರಲು ಹಾಕಿದ ಗಡಿಗೆ ಇನ್ನೂ ಎತ್ತಿಲ್ಲ ಅಂದಳು.

ಎರಡು ಬಾಗಿಲು ಮುಗಿಯಿತು. ಮೂರನೆಯದು ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ. ಹೊತ್ತು ಇಳಿಯುತ್ತಿತ್ತು. ಹೊಳೆಯ ದಾರಿಯಲ್ಲಿ ಒಂದು ಗುಡಿಸಲು. ಬಾಗಿಲಲ್ಲಿ ಕಣ್ಣಿಗೆ ಪೊರೆ ಬಂದ ಮುದುಕಿ. ಹೆಜ್ಜೆ ಸದ್ದು ಕೇಳಿ ಕರೆದಳು. ಬಿಸಿಲಲ್ಲಿ ಬಂದವರನ್ನು ಬರಿಗಂಟಲಲ್ಲಿ ಕಳಿಸುವ ರೂಢಿ ಆ ಸೀಮೆಯಲ್ಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟಳು.

ಜಟ್ಟೆಪ್ಪ ಒಂದು ಗುಟುಕು ಕುಡಿದ. ನಿಂತ. ಇನ್ನೊಂದು ಗುಟುಕು ಕುಡಿದ. ಕೂತ.

ಅದೇ.

ನೋಡಿ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಿಂಗಳಿಗೆ ಮೂವತ್ತು ಬಗೆ ಉಣ್ಣುವ ಸೆಟ್ಟಿಗೆ ಆ ಮಜ್ಜಿಗೆ ಬರೀ ಮಜ್ಜಿಗೆ. ಇಪ್ಪತ್ತು ವರ್ಷ ಒಂದನ್ನೇ ಉಂಡ ನಾಲಿಗೆಗೆ ಮಾತ್ರ ಅದರ ಗುರುತು ಹತ್ತಿತು. ಯಾವುದು ಸಾಕಾಗಿದೆ ಅಂತ ಸುರಿದಿದ್ದನೋ ಅದೇ ಅವನಿಗೆ ದಾರಿ ತೋರಿಸಿತು.

ಅಜ್ಜಿ, ಈ ಹೆಪ್ಪು ಎಲ್ಲಿಯದು ಅಂತ ಕೇಳಿದ. ಮುದುಕಿಗೆ ಮಾತು ಬೇಕಿತ್ತು, ಹೇಳಿದಳು. ಇಪ್ಪತ್ತು ವರ್ಷದ ಹಿಂದೆ ತನ್ನ ಗಡಿಗೆ ಒಡೆದು, ಹೆಪ್ಪು ಮಣ್ಣಿನ ಪಾಲಾಗಿ, ಇದೇ ಬಾಗಿಲಲ್ಲಿ ಅಳುತ್ತಾ ಕೂತಿದ್ದಳಂತೆ. ಒಂದು ಮದುವೆ ದಿಬ್ಬಣ ಬಂತಂತೆ. ಮದುಮಗಳು ನಿಂತು, ಮಡಿಲ ಕುಡಿಕೆಯಿಂದ ಒಂದು ಚಮಚ ಕೊಟ್ಟು ಹೋದಳಂತೆ. ಸುತ್ತ ಬೇರೆ ಮನೆಯಿಲ್ಲ, ಕಲಸಲು ಬೇರೆ ಹೆಪ್ಪಿಲ್ಲ. ಅವತ್ತಿನಿಂದ ಅದೇ ನಡೆದಿದೆ.

"ಹುಡುಗಿ ಬಂಗಾರ," ಅಂದಳು ಮುದುಕಿ. "ಆ ಮದುಮಗ ಮಾತ್ರ ಒಬ್ಬ ಗೊಣಗ. ಹೊತ್ತಾತು, ಒಂದು ಚಮಚ ಮೊಸರಿಗೆ ಎಷ್ಟು ಹೊತ್ತು ನಿಲ್ಲೂದು ಅಂತ ಕಾಲು ಬಡದ. ಈಗರೆ ಸುಧಾರಿಸ್ಯಾನೋ ಇಲ್ಲೋ."

ಜಟ್ಟೆಪ್ಪ ಲೋಟ ಕೆಳಗಿಟ್ಟ. "ಇಲ್ಲಬೇ. ಇವತ್ತ ಸುರು ಮಾಡ್ಯಾನ," ಅಂದ. ಪುಟ್ಟ ಕುಡಿಕೆ ಮುಂದೆ ಹಿಡಿದ.

ಮುದುಕಿ ಕುಡಿಕೆಯನ್ನು ಬೆರಳಿಂದ ಸವರಿದಳು. ಕಣ್ಣಿಲ್ಲದಿದ್ದರೇನು, ಕೈಗೆ ನೆನಪಿರುವುದಿಲ್ಲವೇ? ತುಂಬ ಹಾಕಿ ಕೊಟ್ಟಳು. ಆಮೇಲೆ ಅಂದಳು, "ಓಡಬ್ಯಾಡ, ತುಳುಕತೈತಿ. ನಿಲ್ಲಬ್ಯಾಡ, ದೀಪಕ್ಕ ಹೊತ್ತಾಗತೈತಿ."

ಓಡುವಂತಿಲ್ಲ, ನಿಲ್ಲುವಂತಿಲ್ಲ. ಜಟ್ಟೆಪ್ಪ ನಡೆದ. ಕುಡಿಕೆಯನ್ನು ಎರಡು ಪಾದದ ನಡುವೆ ಇಟ್ಟುಕೊಂಡು ಹುಟ್ಟು ಹಾಕಿದ. ಹುಟ್ಟಿದಾಗಿನಿಂದ ತಿರುಗುತ್ತಲೇ ಹೋದ ಹರಿಗೋಲು ಅವತ್ತು ತಿರುಗಲಿಲ್ಲ. ನಡುಹೊಳೆಯಲ್ಲಿ ಸೂರ್ಯ ಮುಳುಗಿದ. ದಡದ ಊರಿನಲ್ಲಿ ಒಂದು ದೀಪ ಹತ್ತಿತು. ಮತ್ತೊಂದು ಹತ್ತಿತು. ಹತ್ತಿದವು, ಹತ್ತಿದವು. ತುಂಗವ್ವ ಒಂದು ಸಂಜೆಯೂ ದೀಪ ತಪ್ಪಿಸಿದವಳಲ್ಲ. ಇನ್ನು ಈ ಕುಡಿಕೆ ಹೊಸ್ತಿಲಾಚೆಯೇ ರಾತ್ರಿ ಕಳೆಯಬೇಕು, ಈ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿಯೇರಿ ಕೆಟ್ಟುಹೋಗುತ್ತದೆ ಅಂದುಕೊಂಡ.

ಓಣಿಗೆ ಬಂದ. ಎಲ್ಲ ಮನೆಯಲ್ಲೂ ಬೆಳಕು. ಒಂದು ಮನೆ ಮಾತ್ರ ಕತ್ತಲು. ಅದು ಅವನದು.

ಬಾಗಿಲಿಗೆ ಬಂದು ನೋಡಿದರೆ ತುಂಗವ್ವ ಒಳಗೆ ಹಣತೆಯ ಮುಂದೆ ಕೂತಿದ್ದಾಳೆ. ಹಣತೆಯಲ್ಲಿ ಎಣ್ಣೆ ಇದೆ, ಬತ್ತಿ ನೆನೆದಿದೆ. ಪಕ್ಕದಲ್ಲಿ ಹಾಲಿನ ಗಡಿಗೆ, ಅವಳ ಕಿರುಬೆರಳು ಹಾಲಿನಲ್ಲಿ. ಕಲ್ಲವ್ವ ಗೋಡೆಯಾಚೆಯಿಂದ ಮೂರು ಸಲ ಕೂಗಿದ್ದಳಂತೆ, ಮುಚ್ಚಂಜೆಗೆ ಮನೆ ಕತ್ತಲಿಡಬಾರದು, ದೀಪ ಹಚ್ಚು ಅಂತ. ಮೂರು ಸಲವೂ ತುಂಗವ್ವ ಓಗೊಟ್ಟಿರಲಿಲ್ಲ. ಮಾಡದಲ್ಲಿ ಪುಟ್ಟ ಕುಡಿಕೆ ಇಲ್ಲದ್ದನ್ನು ಅವಳು ಮಧ್ಯಾಹ್ನವೇ ನೋಡಿದ್ದಳು.

"ಸಿಕ್ಕಿತೇನು?" ಅಂದಳು.

"ಸಿಕ್ಕಿತು."

"ಒಳಗ ಬಾ. ದೀಪ ಹಚ್ಚಬೇಕು."

ಅವನು ಹೊಸ್ತಿಲು ದಾಟಿದ. ಅವಳು ಒಂದು ಚಮಚ ಹಾಲಿಗೆ ಬಿಟ್ಟಳು, ತಟ್ಟೆ ಮುಚ್ಚಿದಳು. ಆಮೇಲೆ ಒಲೆಯ ಕೆಂಡ ಊದಿ ದೀಪ ಹಚ್ಚಿದಳು.

ಮರುದಿನ ಸೂರ್ಯ ನೆತ್ತಿಗೆ ಬಂದ. ಹೊಂಗೆ ಮರದ ಕೆಳಗೆ ಬುಟ್ಟಿ ಇಳಿಯಿತು. ಜಟ್ಟೆಪ್ಪ ಕಾಲು ತೊಳೆದು ಕೂತ. ಕೇಳಲು ಅಂಜಿಕೆ. ಆದರೂ ಕೇಳಿದ.

"ಇವತ್ತೇನು?"

ತುಂಗವ್ವ ಬೋಗುಣಿಯ ಮೇಲಿನ ಎಲೆ ತೆಗೆದಳು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ತನ್ನ ನಾಲಿಗೆಗೆ ಇಟ್ಟುಕೊಂಡಳು. ಬಹಳ ಹೊತ್ತು ಹೊಳೆಯ ಆಚೆ ದಡ ನೋಡಿದಳು.

"ಅದೇ," ಅಂದಳು.

ರೊಟ್ಟಿ ಮುರಿದ ಸದ್ದಾಯಿತು. ಅಳಿಲು ಇಳಿದು ಬಂತು.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಕೇಳಿದೆವು. ಕಥೆಯನ್ನು ಪೂರ್ತಿ ಬಳಿದು ತಿನ್ನಬೇಡಿ. ತಳದಲ್ಲಿ ಒಂದು ಚಮಚ ಉಳಿಸಿ, ನಾಳೆ ಹಗಲು ಕೇಳಿದವರಿಗೆ ಕೊಡಿ.